1870ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಜಮೀನು ಹಿಡಿದ ಪೂರ್ವಜರ ಬದುಕನ್ನು ಹುಡುಕುವುದು ಹೇಗೆ?

ನಿಮ್ಮ ಪತ್ನಿಯ ಮುತ್ತಜ್ಜನ ತಂದೆ ನೆಬ್ರಾಸ್ಕಾದಲ್ಲಿ ಹೋಮ್‌ಸ್ಟೆಡ್ ಜಮೀನು (ನೆಲೆಸಿ ಉಳುಮೆ ಮಾಡುವವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು) ಮಾಡಿದ್ದರು, ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ಕೇಳಿದ್ದೀರಿ. ಜಮೀನಿನಿಂದಲೇ ಶುರುಮಾಡಿ. ಆನ್‌ಲೈನಿನಲ್ಲಿ ಯಾರೋ ಸೇರಿಸಿಟ್ಟ ವಂಶವೃಕ್ಷಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಒಬ್ಬರು ಮಾಡಿದ ತಪ್ಪನ್ನು ಹತ್ತು ಜನ ನಕಲು ಮಾಡಿರುತ್ತಾರೆ.

1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಬ್ಬರಿಗೆ 160 ಎಕರೆವರೆಗೆ ಸಿಗುತ್ತಿತ್ತು. ಐದು ವರ್ಷ ಅಲ್ಲೇ ವಾಸವಿದ್ದು, ಉಳುಮೆ ಮಾಡಿ, ಅದನ್ನು ರುಜುವಾತುಪಡಿಸಿದ ಮೇಲೆ ಹಕ್ಕುಪತ್ರ. ಈ ಹಕ್ಕುಪತ್ರಗಳು ಅಮೆರಿಕ ಸರ್ಕಾರದ ಭೂ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿರುವ ಭೂಕಚೇರಿಯ ಹೆಸರು, ಪ್ರಮಾಣಪತ್ರ ಸಂಖ್ಯೆ, ಟೌನ್‌ಶಿಪ್, ರೇಂಜ್, ಸೆಕ್ಷನ್ ಬರೆದುಕೊಳ್ಳಿ. ನಮ್ಮಲ್ಲಿ ಸರ್ವೆ ನಂಬರ್ ಹೇಗೋ ಅಲ್ಲಿ ಇವು ಹಾಗೆ. ಒಂದು ಸೆಕ್ಷನ್ 640 ಎಕರೆ. ಅದರ ಕಾಲುಭಾಗವೇ ಆ 160.

ಹೆಚ್ಚಿನವರು ಹಕ್ಕುಪತ್ರ ಸಿಕ್ಕ ಖುಷಿಯಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮನುಷ್ಯನ ಬದುಕು ಇರುವುದು ಅದರ ಹಿಂದಿನ ಕಡತದಲ್ಲಿ. ಅದು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಮೇಲಿನ ವಿವರ ಕೊಟ್ಟು ಪ್ರತಿ ತರಿಸಬಹುದು. ಮನೆ ಎಷ್ಟು ಅಡಿ ಉದ್ದಗಲ, ಬಾವಿ ಇತ್ತೇ, ಎಷ್ಟು ಎಕರೆ ಉತ್ತರು, ಹೆಂಡತಿ ಮಕ್ಕಳೆಷ್ಟು, ನಡುವೆ ಊರು ಬಿಟ್ಟು ಎಲ್ಲಿಗಾದರೂ ಹೋಗಿದ್ದರೇ, ಎಲ್ಲವೂ ಅವರದೇ ಹೇಳಿಕೆಯಲ್ಲಿ ಸಿಗಬಹುದು. ಹೊರದೇಶದಿಂದ ಬಂದವರಾದರೆ ಪೌರತ್ವದ ಕಾಗದವೂ ಸೇರಿರುತ್ತದೆ. ಸಾಕ್ಷಿ ಹೇಳಿದ ಇಬ್ಬರ ಹೆಸರನ್ನು ಖಂಡಿತ ಗುರುತು ಹಾಕಿಕೊಳ್ಳಿ: ನೆರೆಯವರು, ಎಷ್ಟೋ ಸಲ ಭಾವಮೈದುನರೋ ಹಳೆಯ ಊರಿನವರೋ ಆಗಿರುತ್ತಾರೆ.

ಹೆಸರೇ ಸಿಗದಿದ್ದರೆ ಎದೆಗುಂದಬೇಡಿ. ಬರ, ಮಿಡತೆ, ಸಾಲ ಎಂದು ನಡುವೆ ಬಿಟ್ಟುಹೋದವರಿಗೆ ಹಕ್ಕುಪತ್ರ ಬರಲಿಲ್ಲ, ಹಾಗಾಗಿ ಆ ತಾಣದಲ್ಲಿ ಅವರಿಲ್ಲ. ರದ್ದಾದ ಅರ್ಜಿಗಳ ಕಡತಗಳೂ ಪತ್ರಾಗಾರದಲ್ಲಿವೆ. ಆದರೆ ಹುಡುಕಲು ಜಮೀನಿನ ವಿವರ ಬೇಕು. ಅದಕ್ಕೆ ಮೊದಲು ಜನಗಣತಿಯಲ್ಲಿ ಅವರಿದ್ದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಪತ್ತೆಮಾಡಿ, ಆಮೇಲೆ ಆ ಪ್ರದೇಶದ ಟ್ರ್ಯಾಕ್ಟ್ ಪುಸ್ತಕ, ಅಂದರೆ ಯಾವ ಜಮೀನಿಗೆ ಯಾರು ಅರ್ಜಿ ಹಾಕಿದರು ಎಂದು ಬರೆದಿಟ್ಟ ಪುಸ್ತಕ, ನೋಡಿ.

ಜನಗಣತಿಯಲ್ಲಿ 1880ರದ್ದು ಮುಖ್ಯ: ಮನೆಯ ಯಜಮಾನನಿಗೆ ಪ್ರತಿಯೊಬ್ಬರ ಸಂಬಂಧ, ತಂದೆತಾಯಿ ಹುಟ್ಟಿದ ಸ್ಥಳ ಅದರಲ್ಲಿವೆ. 1890ರದ್ದು ಬಹುಪಾಲು ಉಳಿದಿಲ್ಲ, 1921ರ ಬೆಂಕಿಗೆ ಸಿಕ್ಕಿತು. ಅದೃಷ್ಟಕ್ಕೆ ನೆಬ್ರಾಸ್ಕಾದಲ್ಲಿ 1885ರಲ್ಲೂ ಗಣತಿ ನಡೆದಿತ್ತು.

ಅದೇ ಹೆಸರಿನ ಇನ್ನೊಬ್ಬ ಪಕ್ಕದ ಕೌಂಟಿಯಲ್ಲೇ ಇರಬಹುದು. ಹೆಂಡತಿ ಮಕ್ಕಳ ಹೆಸರು, ವಯಸ್ಸು ಎರಡು ದಾಖಲೆಗಳಲ್ಲಾದರೂ ತಾಳೆಯಾಗುವವರೆಗೆ ಇವರೇ ಎಂದು ಬರೆದಿಡಬೇಡಿ.