ಓದೂ ಉಂಟು, ಫುಟ್‌ಬಾಲೂ ಉಂಟು

ಪ್ರಶ್ನೆ: ಮಗ ಕಾಲೇಜು ಮುಗಿಸಿ ನೇರ ಲೇಲೆ ಮೈದಾನಕ್ಕೆ ಹೋಗುತ್ತಾನೆ, ಕತ್ತಲಾದರೂ ಮನೆಗಿಲ್ಲ. ಓದುತ್ತಲೇ ದೊಡ್ಡ ಫುಟ್‌ಬಾಲ್ ಆಡಿದವರು ಇದ್ದಾರೆಯೇ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಇದ್ದಾರೆ ಅಕ್ಕಾರೇ. ಐರ್ಲೆಂಡಿನ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ ತಂಡವನ್ನೇ ನೋಡಿ. ವಿಶ್ವವಿದ್ಯಾಲಯದ ಬೇರು 1854ರದು. 1895ರಲ್ಲಿ ಅಲ್ಲಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ತಂಡ 1979ರಲ್ಲಿ ದೇಶದ ಲೀಗ್ ಸೇರಿತು. ಆಟಗಾರರಿಗೆ ಸ್ಕಾಲರ್‌ಶಿಪ್ ಕೊಟ್ಟು ಓದಿಸುತ್ತದೆ. 1984ರಲ್ಲಿ ಶ್ಯಾಮ್‌ರಾಕ್ ರೋವರ್ಸ್‌ನಂಥ ಅಲ್ಲಿನ ದೊಡ್ಡ ತಂಡವನ್ನು ಮಣಿಸಿ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಡೆಸುವ ಎಫ್‌ಎಐ ಕಪ್ ಗೆದ್ದಿತು. ಅದೇ ವರ್ಷ ಯುರೋಪಿನ ಟೂರ್ನಿಯಲ್ಲಿ ಇಂಗ್ಲೆಂಡಿನ ಎವರ್ಟನ್ ಎದುರಾಯಿತು. ತವರಲ್ಲಿ 0-0. ಅವರೂರಲ್ಲಿ ಸೋತದ್ದು ಒಂದೇ ಗೋಲಿನಿಂದ! ಕೊನೆಗೆ ಆ ಯುರೋಪಿನ ಕಪ್ ಎತ್ತಿದ್ದೂ ಎವರ್ಟನ್ನೇ. ಗೆದ್ದ ಕಪ್ಪಿಗಿಂತ ಆ ಸೋಲೇ ನನಗೆ ದೊಡ್ಡದು.

ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಇಲ್ಲಿಂದಲೂ ಇಂಥ ತಂಡ ಎದ್ದು ಬರಲಿ ಎಂಬುದು ನನ್ನ ದೊಡ್ಡ ಆಸೆ. ಹುಡುಗನನ್ನು ಆಡಲು ಬಿಡಿ. ರಾತ್ರಿ ಪುಸ್ತಕ ಹಿಡಿಸಿ.