ಹಳೇ ಆಲ್-ಇನ್-ಒನ್ ಕಂಪ್ಯೂಟರ್‌ಗಳ ಮೇಲೆ ಕೆಲವರಿಗೆ ಯಾಕಿಷ್ಟು ಪ್ರೀತಿ?

ಪರದೆ, ಬೋರ್ಡು, ಡ್ರೈವು ಎಲ್ಲ ಒಂದೇ ಡಬ್ಬದಲ್ಲಿರುವ ಹಳೇ ಕಂಪ್ಯೂಟರ್‌ಗಳನ್ನು ಜನ ದುಡ್ಡು ಕೊಟ್ಟು ತಂದು ಮನೆಯಲ್ಲಿಟ್ಟುಕೊಳ್ಳುತ್ತಾರಲ್ಲ, ಜೇಬಿನ ಫೋನಿನ ಮುಂದೆ ಅವು ಏನೂ ಅಲ್ಲ, ಹಾಗಿದ್ದರೂ ಯಾಕೆ ಅಂತ ಕೇಳಿದ್ದೀರಿ. ನನ್ನ ಹತ್ತಿರ ಅಂಥವು ಎರಡಿವೆ. ಒಂದು ಆಪಲ್ ಕಂಪನಿಯ ಮ್ಯಾಕಿಂಟಾಷ್ ಪ್ಲಸ್, 1986ರಲ್ಲಿ ಬಂದ ಮಾದರಿ. ಇನ್ನೊಂದು ಕಿತ್ತಳೆ ಬಣ್ಣದ ಐಮ್ಯಾಕ್, ಅದೂ ಆಪಲ್‌ನದೇ. ಬೇರೆಯವರ ಕಾರಣ ಬೇರೆ ಇರಬಹುದು. ನನ್ನ ಕಾರಣ ಹೇಳುತ್ತೇನೆ.

ಆ ಕಂಪ್ಯೂಟರ್‌ಗಳ ತಲೆ ಮೇಲೆ ಹಿಡಿ ಇದೆ. ಅದಕ್ಕೇ.

ಇದು ಅರ್ಥವಾಗಬೇಕಾದರೆ ನಮ್ಮ ಕಾಲೇಜಿನ ಲ್ಯಾಬ್ ಹೇಗಿತ್ತು ಅಂತ ಹೇಳಬೇಕು. ನಾನು ಎಂಜಿನಿಯರಿಂಗ್ ಓದಿದ್ದು 90ರ ದಶಕದಲ್ಲಿ, ಕರ್ನಾಟಕದ ಒಂದು ಸಣ್ಣ ಊರಿನಲ್ಲಿ. ಇಡೀ ಕಾಲೇಜಿನಲ್ಲಿ ಎಸಿ ಇದ್ದದ್ದು ಎರಡೇ ಕಡೆ, ಪ್ರಿನ್ಸಿಪಾಲರ ರೂಮು ಮತ್ತು ಕಂಪ್ಯೂಟರ್ ಲ್ಯಾಬು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಮಾನಿಟರಿಗೊಂದು, ಸಿಪಿಯುಗೊಂದು, ಕೀಬೋರ್ಡಿಗೊಂದು ಬಟ್ಟೆಯ ಹೊದಿಕೆ. ಆಯುಧಪೂಜೆಯ ದಿನ ಹಚ್ಚಿದ ಕುಂಕುಮ ಮಾನಿಟರಿನ ಅಂಚಿನಲ್ಲಿ ಮುಂದಿನ ವರ್ಷದವರೆಗೂ ಇರುತ್ತಿತ್ತು. ಒಂದು ಕಂಪ್ಯೂಟರಿಗೆ ಮೂವರು. ಒಬ್ಬ ಟೈಪ್ ಮಾಡಿದರೆ ಇನ್ನಿಬ್ಬರು ನೋಡಬೇಕು. ಹಿಂದೆ ಜೋತಾಡುವ ವೈರುಗಳ ಕಡೆ ಕೈ ಹೋದರೆ ಸಾಕು, ಅಟೆಂಡರ್ ದೂರದಿಂದಲೇ "ಏಯ್, ಮುಟ್ಬೇಡ್ರೀ" ಅನ್ನುತ್ತಿದ್ದರು. ಅವರದ್ದೂ ತಪ್ಪಲ್ಲ. ಒಂದು ಕೆಟ್ಟರೆ ಇನ್ನೊಂದು ತರಿಸುವುದು ಸುಲಭ ಇರಲಿಲ್ಲ. ನಾಲ್ಕು ವರ್ಷ ಓದಿ ಡಿಗ್ರಿ ತಗೊಂಡೆ. ಒಂದು ಕಂಪ್ಯೂಟರನ್ನೂ ಎತ್ತಿ ನೋಡಿರಲಿಲ್ಲ.

1999ರಲ್ಲಿ ಎಂಎಸ್ ಮಾಡಲು ಅಮೆರಿಕದ ಮಿಶಿಗನ್‌ಗೆ ಬಂದೆ. ಯೂನಿವರ್ಸಿಟಿ ಲೈಬ್ರರಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಪಾರ್ಟ್‌ಟೈಮ್ ಕೆಲಸ ಸಿಕ್ಕಿತು. ಮೊದಲ ದಿನ ಬಾಗಿಲು ತೆಗೆದರೆ ಸಂತೆಯಲ್ಲಿ ಹಣ್ಣಿನಂಗಡಿ ಮುಂದೆ ನಿಂತ ಹಾಗಾಯಿತು. ಕಿತ್ತಳೆ, ದ್ರಾಕ್ಷಿ, ನಿಂಬೆ, ಸ್ಟ್ರಾಬೆರಿ, ಬ್ಲೂಬೆರಿ. ಆ ವರ್ಷದ ಐಮ್ಯಾಕ್‌ಗಳಿಗೆ ಆಪಲ್ ಇಟ್ಟಿದ್ದ ಬಣ್ಣದ ಹೆಸರುಗಳೇ ಅವು. ಅರೆಪಾರದರ್ಶಕ ಪ್ಲಾಸ್ಟಿಕ್ಕು, ಒಳಗಿನ ಪಿಕ್ಚರ್ ಟ್ಯೂಬಿನ ನೆರಳು ಹೊರಗೇ ಕಾಣುತ್ತಿತ್ತು. ಮೊದಲನೆಯ ಐಮ್ಯಾಕ್ ಹಿಂದಿನ ವರ್ಷ, 1998ರ ಆಗಸ್ಟ್ 15ಕ್ಕೆ ಮಾರಾಟಕ್ಕೆ ಬಂದಿತ್ತು. ಅದಕ್ಕೆ ಸಿಡ್ನಿಯ ಬೊಂಡೈ ಕಡಲತೀರದ ನೀಲಿ. 233 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ಮೆಮೊರಿ, 1,299 ಡಾಲರ್. ಫ್ಲಾಪಿ (ಆಗ ಫೈಲು ಇಟ್ಟುಕೊಳ್ಳುತ್ತಿದ್ದ ಚಪ್ಪಟೆ ಡಿಸ್ಕು) ಹಾಕುವ ಡ್ರೈವ್ ಇಲ್ಲ ಅಂತ ಆಗ ಹಲವರು ಬೈದಿದ್ದರು.

ಮೇಲ್ವಿಚಾರಕಿ ಒಬ್ಬ ಹೆಂಗಸು. ಕಿತ್ತಳೆ ಬಣ್ಣದ್ದನ್ನು ತೋರಿಸಿ, ಅದನ್ನು ಎತ್ತಿ ಕಿಟಕಿ ಹತ್ತಿರದ ಟೇಬಲ್ಲಿಗೆ ಇಡು ಅಂದರು. ನಾನು ಸುಮ್ನೆ ನಿಂತೆ. ಎತ್ತುವುದಾ? ಅವರು ಅದರ ತಲೆಯ ಹಿಂಭಾಗದ ಹಿಡಿಗೆ ನನ್ನ ಕೈ ಇಡಿಸಿದರು. ಇನ್ನೊಂದು ಕೈ ಪರದೆಯ ಕೆಳಗೆ. ಸುಮಾರು 17 ಕೆಜಿ ಭಾರ. ಹೊಟ್ಟೆಗೆ ಆನಿಸಿಕೊಂಡು ನಾಲ್ಕು ಹೆಜ್ಜೆ ನಡೆದೆ. ಮಗುವನ್ನು ಎತ್ತಿಕೊಂಡ ಹಾಗೇ ಇತ್ತು.

ಅಷ್ಟು ಭಾರದ ಡೆಸ್ಕ್‌ಟಾಪಿಗೆ ಹಿಡಿ ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಐಮ್ಯಾಕ್ ವಿನ್ಯಾಸ ಮಾಡಿದ ಜೋನಿ ಐವ್ ಹೇಳಿದ್ದು ಇಷ್ಟು: ಜನಕ್ಕೆ ಕಂಪ್ಯೂಟರ್ ಅಂದರೆ ಭಯ, ಭಯ ಇದ್ದರೆ ಮುಟ್ಟುವುದಿಲ್ಲ, ಹಿಡಿ ಕಂಡರೆ ಮುಟ್ಟಬಹುದು ಅಂತ ತಾನಾಗಿ ಅನ್ನಿಸುತ್ತದೆ. ಹೊತ್ತು ತಿರುಗಲಿ ಅಂತ ಇಟ್ಟದ್ದಲ್ಲ ಅದು. ಆ ಮಾತು ನಮ್ಮ ಲ್ಯಾಬನ್ನು ನೋಡಿಯೇ ಹೇಳಿದ ಹಾಗಿತ್ತು. (ಅದರ ದುಂಡನೆಯ ಮೌಸ್ ಮಾತ್ರ ನನಗೆ ಇಷ್ಟವಾಗಲಿಲ್ಲ. ನೋಡದೆ ಕೈ ಇಟ್ಟರೆ ಯಾವ ಕಡೆ ಮುಂದೆ ಅಂತಲೇ ಗೊತ್ತಾಗುತ್ತಿರಲಿಲ್ಲ. 2000ದಲ್ಲಿ ಅದನ್ನು ಬದಲಾಯಿಸಿದರು.)

ಆ ಐಮ್ಯಾಕ್‌ನಲ್ಲಿ ಕನ್ನಡ ಓದುವುದಕ್ಕೆ ಆಗುತ್ತಿರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಎಲ್ಲ ಭಾಷೆಯ ಅಕ್ಷರಗಳನ್ನೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಗುರುತಿಸುವ ಯೂನಿಕೋಡ್ ಪದ್ಧತಿ ಆಗ ಕನ್ನಡಕ್ಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಕನ್ನಡದ ಒಂದೊಂದು ಜಾಲತಾಣಕ್ಕೆ ಒಂದೊಂದು ಫಾಂಟು, ಅದೂ ವಿಂಡೋಸ್ ನೆಚ್ಚಿಕೊಂಡದ್ದು. ಮ್ಯಾಕ್‌ನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಕನ್ನಡ ಬೇಕಾದಾಗ ಎದ್ದು ಹೋಗಿ ಮೂಲೆಯ ಪಿಸಿಯಲ್ಲಿ ಕೂರುತ್ತಿದ್ದೆ. ಓದಿ ಮುಗಿಸಿ ವಾಪಸ್ ಕಿತ್ತಳೆ ಹತ್ತಿರವೇ ಬರುತ್ತಿದ್ದೆ.

ಹಳೆಯ ಆಲ್-ಇನ್-ಒನ್ ಅಂದರೆ ಬರೀ ಆಪಲ್ ಅಲ್ಲ. 1977ರ ಕಮಡೋರ್ ಪೆಟ್ ಇದೆ. ತಗಡಿನ ಮೈ, ತಲೆ ಮೇಲೆ ಪುಟ್ಟ ಪರದೆ, ಕೀಬೋರ್ಡಿನ ಪಕ್ಕದಲ್ಲೇ ಕ್ಯಾಸೆಟ್ ಪ್ಲೇಯರ್. ರಿಪೇರಿ ಮಾಡಬೇಕಾದರೆ ಮುಚ್ಚಳವನ್ನು ಕಾರಿನ ಬಾನೆಟ್ ಥರ ಮೇಲಕ್ಕೆತ್ತಿ, ಒಳಗೇ ಇರುವ ಕಂಬಿ ಕೊಟ್ಟು ನಿಲ್ಲಿಸಬಹುದು. ಮ್ಯೂಸಿಯಂನಲ್ಲಿ ಅದನ್ನು ನೋಡಿ ನನಗೆ ಅಂಬಾಸಿಡರ್ ನೆನಪಾಯಿತು.

ಆದರೆ ನನ್ನ ಜೀವ ಇರುವುದು ಪ್ಲಸ್‌ನಲ್ಲಿ. 2009ರಲ್ಲಿ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ (ಮನೆಯವರೇ ಹಳೇ ಸಾಮಾನು ಮಾರುವುದು) 20 ಡಾಲರಿಗೆ ಸಿಕ್ಕಿತು. ಜೊತೆಗೆ ಶೂ ಡಬ್ಬದ ತುಂಬ ಫ್ಲಾಪಿಗಳು. ಬಿಸಿಲಿಗೆ ಮೈ ಹಳದಿಗಟ್ಟಿತ್ತು. ಕೆಟ್ಟಿದೆ, ಪರದೆ ಬರುವುದಿಲ್ಲ ಅಂತ ಮಾರಿದವರು ಮೊದಲೇ ಹೇಳಿದ್ದರು. ಮನೆಗೆ ತಂದು ಸ್ವಿಚ್ ಹಾಕಿದೆ. ಬೀಪ್ ಅಂದಿತು, ಪರದೆ ಕತ್ತಲು. ನಮ್ಮೂರಿನ ಮನೆಯ ಹಳೇ ಟಿವಿ ನೆನಪಾಗಿ ಎಡ ಪಕ್ಕಕ್ಕೆ ಅಂಗೈಯಲ್ಲಿ ಪಟ್ ಅಂತ ಒಂದು ಕೊಟ್ಟೆ. ಪರದೆ ಫಕ್ಕನೆ ಬೆಳಗಿ ಮತ್ತೆ ಆರಿತು.

ಆ ಏಟಿನಲ್ಲೇ ರೋಗ ಗೊತ್ತಾಯಿತು. ಎಡಗಡೆಗೆ ಕರೆಂಟು ಮತ್ತು ಪರದೆ ನೋಡಿಕೊಳ್ಳುವ ಬೋರ್ಡ್ ಇದೆ. ಈ ಕಂಪ್ಯೂಟರಿನಲ್ಲಿ ಫ್ಯಾನ್ ಇಲ್ಲ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ, ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆದ ಸೋಲ್ಡರ್ ಬಿರುಕು ಬಿಡುತ್ತದೆ. ವಯಸ್ಸಾದವರ ಮಂಡಿನೋವಿನಂಥದ್ದು.

ತೆರೆಯುವುದಕ್ಕೆ ಐದು ಸ್ಕ್ರೂ. ಅದರಲ್ಲಿ ಎರಡು ಹಿಡಿಯ ಕುಳಿಯ ಆಳದಲ್ಲಿ ಕೂತಿವೆ. ಮಾಮೂಲಿ ಸ್ಕ್ರೂಡ್ರೈವರ್ ತಲುಪುವುದಿಲ್ಲ, ನಕ್ಷತ್ರದಂಥ ತುದಿಯ ಉದ್ದನೆಯ ಟಿ15 ಟಾರ್ಕ್ಸ್ ಬೇಕು. ನೀವೇನಾದರೂ ಇಂಥದ್ದನ್ನು ತಂದರೆ ದಯವಿಟ್ಟು ಒಂದು ಮಾತು ನೆನಪಿಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಡಿಸ್ಚಾರ್ಜ್ ಮಾಡುವುದನ್ನು ಗೊತ್ತಿದ್ದವರ ಹತ್ತಿರ ಕಲಿತೇ ಒಳಗೆ ಕೈ ಹಾಕಿ. ನಾನು ಹಳೇ ಟಿವಿ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ.

ಹಿಂದಿನ ಕವಚ ಮೆಲ್ಲಗೆ ಎಳೆದು ತೆಗೆದು, ಒರೆಸೋಣ ಅಂತ ಬೆಳಕಿಗೆ ತಿರುಗಿಸಿದೆ. ಒಳಗೋಡೆಯ ತುಂಬ ಸಹಿಗಳು! ಪ್ಲಾಸ್ಟಿಕ್ ಅಚ್ಚಿನಲ್ಲೇ ಮೂಡಿದ ಕೈಬರಹ. ಬೆರಳಾಡಿಸಿದರೆ ಗೀರುಗಳು ತಾಗುತ್ತವೆ. ಮೊದಲ ಮ್ಯಾಕಿಂಟಾಷ್ ಕಟ್ಟಿದ ತಂಡದವರು 1982ರಲ್ಲಿ ಒಂದು ಹಾಳೆಯ ಮೇಲೆ ಸಹಿ ಹಾಕಿದ್ದರು. ಅದನ್ನೇ ಅಚ್ಚಿಗೆ ಇಳಿಸಿದರು. ಸ್ಟೀವ್ ಜಾಬ್ಸ್ ಇದ್ದಾರೆ, ಬಿಲ್ ಆಟ್ಕಿನ್ಸನ್ ಇದ್ದಾರೆ, ಆಂಡಿ ಹರ್ಟ್ಸ್‌ಫೆಲ್ಡ್ ಇದ್ದಾರೆ. ಕೊಂಡವರಲ್ಲಿ ಹೆಚ್ಚಿನವರು ಆ ಮುಚ್ಚಳ ತೆಗೆದೇ ಇರುವುದಿಲ್ಲ. ಯಾರೂ ನೋಡದ ಜಾಗದಲ್ಲಿ ಹೆಸರು ಬರೆದಿಟ್ಟಿದ್ದಾರಲ್ಲ, ಅಲ್ವಾ? ಅವತ್ತು ರಿಪೇರಿ ಬಿಟ್ಟು ತುಂಬಾ ಹೊತ್ತು ಅದನ್ನೇ ಓದುತ್ತಾ ಕೂತೆ.

ಆಮೇಲೆ ಬಿರುಕು ಬಿಟ್ಟ ಕಡೆಗಳಲ್ಲೆಲ್ಲ ಹೊಸ ಸೋಲ್ಡರ್ ಹಾಕಿದೆ. ಸ್ವಿಚ್ ಒತ್ತಿ ಫ್ಲಾಪಿ ತಳ್ಳಿದೆ. ಡ್ರೈವ್ ಗುಂಯ್ ಅಂತ ಶುರುಮಾಡಿತು. ಇದರ ಡ್ರೈವ್ ಓದುವ ಜಾಗಕ್ಕೆ ತಕ್ಕಂತೆ ವೇಗ ಬದಲಿಸುತ್ತದೆ, ಹಾಗಾಗಿ ಶ್ರುತಿಯೂ ಏರಿಳಿಯುತ್ತದೆ. ಒಂಬತ್ತು ಇಂಚಿನ ಪರದೆಯ ನಡುವೆ ಆಪಲ್‌ನ ಕಲಾವಿದೆ ಸೂಸನ್ ಕೇರ್ ಬರೆದ ನಗುಮುಖದ ಪುಟ್ಟ ಮ್ಯಾಕ್ ಮೂಡಿತು. ನಾನೂ ನಕ್ಕೆ.

2011ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಕಂಪ್ಯೂಟರ್ ಅಂದರೆ ನಮಗಲ್ಲ ಅಂತ ದೂರವೇ ಇದ್ದವರು. ನನ್ನ ಲ್ಯಾಪ್‌ಟಾಪ್ ಟೇಬಲ್ ಮೇಲಿದ್ದರೆ ಟೇಬಲ್ಲನ್ನೂ ಒರೆಸುತ್ತಿರಲಿಲ್ಲ. ಪ್ಲಸ್ ಮುಂದೆ ನಿಂತು, "ಇದೇನೋ, ಪುಟ್ಟ ಟಿವಿ ಥರ ಇದೆ. ಮುಟ್ಟಬಹುದೇನೋ?" ಅಂದರು.

"ಮುಟ್ಟಮ್ಮ, ಏನೂ ಆಗಲ್ಲ" ಅಂದೆ.

ಚಿತ್ರ ಬಿಡಿಸುವ ಪ್ರೋಗ್ರಾಂ ಮ್ಯಾಕ್‌ಪೇಂಟ್ ತೆರೆದು ಕೊಟ್ಟೆ. ಅದು ಆಟ್ಕಿನ್ಸನ್ ಬರೆದದ್ದು, ಒಳಗೆ ಸಹಿ ಹಾಕಿದ್ದಾರಲ್ಲ, ಅವರೇ. ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ. ಒಂದೊಂದೂ ಕಪ್ಪು, ಇಲ್ಲ ಬಿಳಿ. ಫ್ಯಾಟ್‌ಬಿಟ್ಸ್ ಅಂತ ಒಂದು ಆಯ್ಕೆ ಇದೆ, ಅದರಲ್ಲಿ ಚುಕ್ಕಿಗಳು ದೊಡ್ಡದಾಗಿ ಚೌಕ ಚೌಕವಾಗಿ ಕಾಣುತ್ತವೆ. ಅಮ್ಮ ಎರಡು ನಿಮಿಷ ನೋಡಿದರು. "ಇದು ಚುಕ್ಕಿ ರಂಗೋಲಿ ಕಣೋ" ಅಂದರು. ಮೌಸ್ ಹಿಡಿದು ಏಳು ಚುಕ್ಕಿ ಏಳು ಸಾಲು ಇಟ್ಟರು. ತಪ್ಪಾದ ಕಡೆ ಇನ್ನೊಂದು ಸಲ ಒತ್ತಿದರೆ ಚುಕ್ಕಿ ಅಳಿಯುತ್ತದೆ ಅಂತ ತಾವೇ ಕಂಡುಕೊಂಡರು. ಅಡುಗೆ ತಡವಾಯಿತು. ಕುಕ್ಕರ್ ನಾನೇ ಇಟ್ಟೆ.

ರಂಗೋಲಿ ಫ್ಲಾಪಿಯಲ್ಲಿ ಸೇವ್ ಮಾಡಿದ ಮೇಲೆ ಫ್ಲಾಪಿ ತೆಗೆಯಬೇಕು. ಈ ಮ್ಯಾಕ್‌ನಲ್ಲಿ ಅದಕ್ಕೆ ಗುಂಡಿ ಇಲ್ಲ. ಪರದೆ ಮೇಲಿನ ಫ್ಲಾಪಿ ಚಿತ್ರವನ್ನು ಎಳೆದು ಕಸದ ಬುಟ್ಟಿಗೆ ಹಾಕಬೇಕು. ಹೇಳಿದ ಕೂಡಲೇ ಅಮ್ಮ ಮೌಸ್ ಬಿಟ್ಟುಬಿಟ್ಟರು.

"ಬುಟ್ಟಿಗೆ ಹಾಕಿದ್ರೆ ರಂಗೋಲಿ ಹೋಗಲ್ವೇನೋ?"

"ಹೋಗಲ್ಲಮ್ಮ. ಎಳೆದು ನೋಡು."

ಎಳೆದರು. ಕಿರ್ರ್ ಅಂತ ಸದ್ದಾಗಿ ಫ್ಲಾಪಿ ತಾನಾಗೇ ಹೊರಗೆ ಬಂತು. ಅಮ್ಮ ಅದನ್ನು ತೆಗೆದು ಸೆರಗಿನಲ್ಲಿ ಒರೆಸಿ, ಮೇಲೆ ನನ್ನ ಪೆನ್ನಿನಿಂದ "ರಂಗೋಲಿ" ಅಂತ ಕನ್ನಡದಲ್ಲಿ ಬರೆದು, ದೇವರ ಗೂಡಿನ ಪಕ್ಕದ ಡ್ರಾಯರ್‌ನಲ್ಲಿ ಇಟ್ಟರು. ಈಗಲೂ ಅಲ್ಲೇ ಇದೆ. ಹೋದ ತಿಂಗಳು ಹಾಕಿ ನೋಡಿದೆ, ತೆರೆಯಿತು.