ಎರಡು ಕಾಲಾಳು ಜಾಸ್ತಿ, ಆದರೂ ಡ್ರಾ ಯಾಕೆ?

ಪ್ರಶ್ನೆ: ಚೆಸ್ ಆಟವೊಂದರಲ್ಲಿ ನಾನು ಬಿಳಿ ಕಾಯಿ ಆಡುತ್ತಿದ್ದೆ. ಕೊನೆಗೆ ನನ್ನ ಹತ್ತಿರ ಎರಡು ಕಾಲಾಳು ಜಾಸ್ತಿ ಇದ್ದವು, ಎಫ್5 ಮತ್ತು ಜಿ4ರಲ್ಲಿ. ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ನನ್ನ ಒಂಟೆ ಬಿಳಿ ಮನೆಗಳದ್ದು, ಎದುರಾಳಿಯದು ಕಪ್ಪು ಮನೆಗಳದ್ದು. ಅವರ ರಾಜ ಎಫ್6ರಲ್ಲಿ. ನಾನು ಆನೆಗಳನ್ನು ಬದಲಾಯಿಸಿಕೊಂಡೆ, ಆಟ ಡ್ರಾ ಆಯಿತು. ಮನೆಗೆ ಬಂದು ಫೋನಿನ ಹಳೇ ಎಂಜಿನ್‌ಗೆ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ಪ್ರೋಗ್ರಾಂ) ಹಾಕಿದರೆ, ಆನೆ ಹೋದ ಮೇಲೂ +1.5, ಅಂದರೆ ಬಿಳಿಗೆ ಮೇಲುಗೈ ಅಂತ ತೋರಿಸುತ್ತದೆ. ಹೊಸ ಸ್ಟಾಕ್‌ಫಿಶ್ ಎಂಜಿನ್ 0.00, ಅಂದರೆ ಸಮಸಮ ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಈ ಸಲ ಸೊನ್ನೆಯನ್ನೇ ನಂಬಿ. ಆದರೆ ಎಂಜಿನ್ ಹೇಳಿತು ಅಂತ ಅಲ್ಲ, ಬೋರ್ಡ್ ನೋಡಿ ನಂಬಿ. ಎಫ್6 ಕಪ್ಪು ಮನೆ. ನಿಮ್ಮ ಒಂಟೆ ಓಡಾಡುವುದು ಬಿಳಿ ಮನೆಗಳಲ್ಲಿ ಮಾತ್ರ. ಎಫ್6ರಲ್ಲಿ ಕೂತ ರಾಜನಿಗೆ ಅದು ಜನ್ಮದಲ್ಲಿ ಚೆಕ್ ಕೊಡಲಾರದು. ಎಫ್ ಕಾಲಾಳಿಗೆ ರಾಜನೇ ಅಡ್ಡ. ಜಿ ಕಾಲಾಳನ್ನು ಜಿ5ಕ್ಕೆ ತಳ್ಳಿದರೆ ಎದುರಾಳಿಯ ಒಂಟೆ ಹೊಡೆಯುತ್ತದೆ, ಅದಕ್ಕೆ ರಾಜನ ಕಾವಲೂ ಇದೆ. ಎದುರಾಳಿ ಒಂಟೆಯನ್ನು ಸಿ1ರಿಂದ ಎಚ್6ರವರೆಗಿನ ಓರೆಸಾಲಿನಲ್ಲಿ ಸುಮ್ನೆ ಆಚೀಚೆ ಆಡಿಸುತ್ತಿದ್ದರೆ ಸಾಕು. ಇದನ್ನೇ ಕೋಟೆ ಅನ್ನುವುದು.

ಹಳೇ ಎಂಜಿನ್‌ಗಳು ಇಂಥ ಕೋಟೆಯ ಮುಂದೆ ಎಡವುತ್ತವೆ. ಕಾಯಿಗಳನ್ನು ಲೆಕ್ಕ ಹಾಕಿ, ಎರಡು ಕಾಲಾಳು ಜಾಸ್ತಿ ಅಂತ ಅಂಕ ಕೊಟ್ಟುಬಿಡುತ್ತವೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಎಂಜಿನ್ ಹೇಳಿದ ನಡೆಗಳನ್ನೇ ಎರಡೂ ಕಡೆ ಆಡಿಸುತ್ತಾ ಹೋಗಿ. ಹದಿನೈದು ನಡೆ ಆದರೂ ಕಾಲಾಳು ಕದಲಿಲ್ಲ, ಅಂಕವೂ ಕದಲಿಲ್ಲ ಅಂದರೆ ಅಲ್ಲಿ ಗೆಲುವಿಲ್ಲ ಅಂತ ಅನುಮಾನ ಪಡಬೇಕು. ನಿಜವಾದ ಗೆಲುವಿದ್ದರೆ ಮುಂದೆ ಹೋದಂತೆ ಅಂಕ ಏರುತ್ತದೆ.

ಅಂದ ಹಾಗೆ, +1.5 ಅಂದರೆ ಒಂದೂವರೆ ಕಾಲಾಳು ಅಂತಲೇ ಬಹಳ ಜನ ಓದುತ್ತಾರೆ. ಸ್ಟಾಕ್‌ಫಿಶ್‌ನಲ್ಲಿ ಈಗ ಹಾಗಿಲ್ಲ. 2022ರ 15.1 ಆವೃತ್ತಿಯಿಂದ +1.00 ಅಂದರೆ, ಅದು ತನ್ನ ಜೊತೆ ತಾನೇ ಆಡಿದಾಗ ಬಿಳಿ ಗೆಲ್ಲುವ ಸಾಧ್ಯತೆ ಶೇಕಡಾ 50. ಹಾಗಾಗಿ ಎರಡು ಎಂಜಿನ್‌ಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ನಿಮ್ಮ ಸ್ಥಿತಿಗಂತೂ ಅಂದಾಜೇ ಬೇಡ. ಆನೆ ಹೋದ ಮೇಲೆ ರಾಜರೂ ಸೇರಿ ಉಳಿದದ್ದು ಆರೇ ಕಾಯಿ. ಏಳು ಕಾಯಿಗಳವರೆಗಿನ ಅಂತ್ಯದಾಟಗಳ ಫಲಿತಾಂಶವನ್ನು ಲೆಕ್ಕ ಹಾಕಿ ಟೇಬಲ್‌ಬೇಸ್‌ಗಳಲ್ಲಿ ಇಟ್ಟಿದ್ದಾರೆ. ಸಿಝಿಜಿ (Syzygy) ಎಂಬ ಟೇಬಲ್‌ಬೇಸ್ 2018ರಲ್ಲಿ ಏಳು ಕಾಯಿ ಮುಟ್ಟಿತು. ಲಿಚೆಸ್ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಸ್ಥಿತಿ ಜೋಡಿಸುವಾಗ ನಡೆ ಯಾರದು ಅನ್ನುವುದನ್ನು ಸರಿಯಾಗಿ ಹಾಕಿ. ಅದೊಂದು ತಪ್ಪಿದರೆ ಉತ್ತರವೇ ಬೇರೆ ಆಗಬಹುದು.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ್ದು ಆನೆಗಳು ಇನ್ನೂ ಇದ್ದ ಸ್ಥಿತಿಯ ಬಗ್ಗೆ. ಅಲ್ಲಿ ಎಂಟು ಕಾಯಿ, ಟೇಬಲ್‌ಬೇಸ್ ಕೈಗೆ ಸಿಗುವುದಿಲ್ಲ. ಕಾಯಿ ಜಾಸ್ತಿ ಇದ್ದವರು ಬದಲಾಯಿಸಿಕೊಳ್ಳುತ್ತಾ ಹೋಗಬೇಕು ಅಂತ ಎಲ್ಲರೂ ಕಲಿತಿರುತ್ತೇವೆ, ಅಲ್ವಾ? ಒಂಟೆಗಳ ಬಣ್ಣ ಬೇರೆ ಇದ್ದಾಗ ಆ ಪಾಠ ಕೈಕೊಡುತ್ತದೆ. ಎಫ್6ರ ರಾಜನಿಗೆ ಆರನೇ ಸಾಲಿನಿಂದ ಚೆಕ್ ಕೊಟ್ಟು ಕದಲಿಸಬಲ್ಲ ಕಾಯಿ ನಿಮ್ಮ ಹತ್ತಿರ ಒಂದೇ ಇತ್ತು, ಆ ಆನೆ. ಅದನ್ನೇ ಕೊಟ್ಟುಬಿಟ್ಟಿರಿ.

ಈಗ ಹೀಗೆ ಮಾಡಿ. ಎಂಜಿನ್ ಆಫ್ ಇಟ್ಟು, ಆನೆ ಬದಲಾಯಿಸುವ ಮುಂಚಿನ ಸ್ಥಿತಿಯನ್ನು ಜೋಡಿಸಿ. ನಿಮಗೆ ತೋಚಿದ ಎರಡು ಮೂರು ನಡೆಗಳನ್ನು ಕಾಗದದ ಮೇಲೆ ಬರೆಯಿರಿ. ಆಮೇಲೆ ಎಂಜಿನ್ ಹಾಕಿ, ಒಂದರ ಬದಲು ಮೂರು ಒಳ್ಳೆಯ ನಡೆಗಳನ್ನು ತೋರಿಸುವಂತೆ ಸೆಟ್ ಮಾಡಿ. ಮೊದಲ ನಡೆಗೂ ಎರಡನೆಯದಕ್ಕೂ ಎಷ್ಟು ಅಂತರ ಇದೆ ಅನ್ನುವುದೇ ಇಲ್ಲಿ ಮುಖ್ಯ. ಅಂತರ ದೊಡ್ಡದಿದ್ದರೆ ಆ ಒಂದೇ ನಡೆ ಹುಡುಕಬೇಕಿತ್ತು ಅಂತ ಅರ್ಥ. ಮೂರೂ ಹತ್ತಿರ ಹತ್ತಿರ ಇದ್ದರೆ ನಿಮಗೆ ಅರ್ಥವಾಗುವ ನಡೆ ಆಡಿದ್ದರೂ ನಡೆಯುತ್ತಿತ್ತು. ನೀವು ಬರೆದ ನಡೆ ಪಟ್ಟಿಯಲ್ಲಿ ಇಲ್ಲವೇ? ಅದನ್ನು ಬೋರ್ಡ್ ಮೇಲೆ ಆಡಿ, ಎದುರಾಳಿಯ ಉತ್ತರವನ್ನು ಎಂಜಿನ್‌ನಿಂದ ಕೇಳಿ. ಆ ಉತ್ತರದಲ್ಲೇ ಕಾರಣ ಸಿಗುತ್ತದೆ. ನಾಲ್ಕೈದು ನಡೆ ಮುಂದೆ ಹೋಗಿ ವಾಪಸ್ ಬಂದರೆ ಮೊದಲ ಅಂಕವೂ ಎಷ್ಟೋ ಸಲ ಬದಲಾಗಿರುತ್ತದೆ, ಯಾಕೆಂದರೆ ಮುಂದೆ ಕಂಡದ್ದು ಎಂಜಿನ್‌ನ ನೆನಪಿನಲ್ಲಿ ಉಳಿದಿರುತ್ತದೆ.

ನೀವು ಬರೆದ ನಡೆಗಳನ್ನು ನನಗೂ ಕಳಿಸಿ.